ಮೇಜಿನ ಮೇಲೆ ಶ್ರೀರಂಗಪಟ್ಟಣ: ಪುಟ್ಟ ಸೈನಿಕರ ಯುದ್ಧದಾಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಷದಲ್ಲಿ ಎರಡು ವಾರ ನಮ್ಮ ಮನೆಯ ಊಟದ ಮೇಜು ಊಟಕ್ಕೆ ಸಿಗುವುದಿಲ್ಲ. ಅದರ ಮೇಲೆ 1799ರ ಮೇ 4ರ ಮಧ್ಯಾಹ್ನದ, ಈಸ್ಟ್ ಇಂಡಿಯಾ ಕಂಪನಿಯ ದಂಡು ಟಿಪ್ಪುವಿನ ಕೋಟೆಗೆ ನುಗ್ಗಿದ ದಿನದ ಶ್ರೀರಂಗಪಟ್ಟಣ ಹರಡಿಕೊಂಡಿರುತ್ತದೆ: ಬತ್ತಿದ ಕಾವೇರಿ, ಒಡೆದ ಕೋಟೆ ಗೋಡೆ, ಬೆರಳ ಉಗುರಿಗಿಂತ ಚಿಕ್ಕ ಸೈನಿಕರು. ನೋಡಲು ಬಂದವರು ಕೇಳಿದ್ದು, ಆಡಿ ಸೋತವರು ಕೇಳಿದ್ದು, ಪತ್ರ ಬರೆದು ಕೇಳಿದ್ದು ಎಲ್ಲವನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲಿಯೇ ಇವೆ. ಉತ್ತರಗಳಲ್ಲಿ ನನ್ನ ಹಟಮಾರಿತನವೂ ಸ್ವಲ್ಪ ಸೇರಿದೆ.

## ಈಗಷ್ಟೇ ಬಂದವರಿಗೆ

ಇದು ನೋಡಲು ಇಟ್ಟ ಮಾದರಿಯೋ, ನಿಜವಾಗಿಯೂ ಆಡುತ್ತೀರೋ?

ಆಡುತ್ತೇವೆ. ಎರಡು ಪಕ್ಷ, ಒಂದು ಅಳತೆ ಟೇಪು, ಒಂದು ಹಿಡಿ ದಾಳ, ಒಂದು ನಿಯಮ ಪುಸ್ತಕ. ಒಂದು ಪಕ್ಷ ತನ್ನ ದಳಗಳನ್ನು ಇಷ್ಟು ಸೆಂಟಿಮೀಟರ್ ಎಂದು ಅಳೆದು ನಡೆಸುತ್ತದೆ, ಗುಂಡು ಹಾರಿಸುತ್ತದೆ, ದಾಳ ಉರುಳಿಸಿ ಫಲ ನೋಡುತ್ತದೆ. ಆಮೇಲೆ ಎದುರಾಳಿಯ ಸರದಿ. ಪ್ರಷ್ಯಾದ ಸೇನಾಧಿಕಾರಿಗಳು 1824ರ ಹೊತ್ತಿಗೆ ನಕಾಶೆಯ ಮೇಲೆ ಇಂಥ ಆಟ ಆಡಿ ಯುದ್ಧ ಕಲಿಯುತ್ತಿದ್ದರು. ಎಚ್. ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರಿಗಾಗಿ ನಿಯಮಗಳನ್ನು ಬರೆದು ಅದನ್ನು ಮನೆಯೊಳಕ್ಕೆ ತಂದರು.

ಚದುರಂಗದಲ್ಲಿ ಎಲ್ಲ ಮನೆಗಳೂ ಒಂದೇ. ಇಲ್ಲಿ ಹಾಗಲ್ಲ. ಒಂದು ದಿಬ್ಬ, ಒಂದು ಕಾಲುವೆ, ಒಂದು ತೋಪು ಇಡೀ ಲೆಕ್ಕವನ್ನೇ ತಿರುಗಿಸುತ್ತದೆ. ಎರಡು ಪಕ್ಷಗಳೂ ಸಮವಾಗಿರಬೇಕೆಂದಿಲ್ಲ. ನಮ್ಮ ಆಡು-ಹುಲಿ ಆಟ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

28 ಮಿಲಿಮೀಟರ್ ಎತ್ತರದ ಗೊಂಬೆ ಕೊಳ್ಳಲೇ, 15 ಕೊಳ್ಳಲೇ, 6 ಕೊಳ್ಳಲೇ? ಅಂಗಡಿಯವರು ಎಲ್ಲವೂ ಚೆನ್ನ ಎನ್ನುತ್ತಾರೆ.

ಅಂಗಡಿಯವರು ಸುಳ್ಳು ಹೇಳಿಲ್ಲ. ಆದರೆ ನೀವು ಆಡುವ ಯುದ್ಧ ಯಾವುದು ಎಂದು ಅವರು ಕೇಳಿಲ್ಲ.

28 ಮಿ.ಮೀ. ಎಂದರೆ ಮನುಷ್ಯನ ಎತ್ತರದ ಸುಮಾರು ಅರವತ್ತನೇ ಒಂದು ಪಾಲು. ಮುಖದಲ್ಲಿ ಮೀಸೆ ಬರೆಯಬಹುದು. ಇಪ್ಪತ್ತು ಮೂವತ್ತು ಜನರ ಚಕಮಕಿಗೆ ಇದು ಹೇಳಿ ಮಾಡಿಸಿದ್ದು. ಮೇ 4ರಂದು ಗೋಡೆ ಏರಲು ಹೊರಟವರು ನಾಲ್ಕು ಸಾವಿರಕ್ಕೂ ಮೀರಿದ್ದರು. ಒಂದು ಗೊಂಬೆ ಇಪ್ಪತ್ತು ಸೈನಿಕರಿಗೆ ಸಮ ಎಂದು ಹಿಡಿದರೂ ದಾಳಿಕೋರರಿಗೇ ಇನ್ನೂರಕ್ಕೂ ಹೆಚ್ಚು ಗೊಂಬೆ ಬೇಕು. ದೊಡ್ಡ ಗೊಂಬೆಯೊಂದಕ್ಕೆ ಬಣ್ಣ ಹಚ್ಚಲು ನನಗೆ ಎರಡು ಗಂಟೆ ಹಿಡಿಯುತ್ತದೆ. ನಾನು ಮೊದಲು 28ರಲ್ಲಿ ಶುರು ಮಾಡಿ, ಹದಿನೆಂಟು ಸಿಪಾಯಿಗಳನ್ನು ಮುಗಿಸುವಷ್ಟರಲ್ಲಿ ಒಂದು ಬೇಸಿಗೆ ಕಳೆದು, 6 ಮಿ.ಮೀ.ಗೆ ಇಳಿದೆ. ಅದರಲ್ಲಿ ಒಂದು ಸಂಜೆಗೆ ಐವತ್ತು ಜನ ಸಿದ್ಧರಾಗುತ್ತಾರೆ. ಹತ್ತಿರದಿಂದ ನೋಡಿದರೆ ಬಣ್ಣ ಮೆತ್ತಿದ ಅಕ್ಕಿಕಾಳು. ಮೂರಡಿ ದೂರ ನಿಂತರೆ ಸೈನ್ಯ.

ಮೈಸೂರು ಸೈನಿಕರ ಗೊಂಬೆಗಳೇ ಸಿಗುತ್ತವೆಯೇ?

ವಿದೇಶದ ಕೆಲವು ತಯಾರಕರಲ್ಲಿ ಸಿಗುತ್ತವೆ, ಸುಂಕ ಕಟ್ಟಿ ತರಿಸಬೇಕು. ನಗರಗಳಲ್ಲಿ ಈಗ ತ್ರೀಡಿ ಮುದ್ರಣ ಮಾಡಿಕೊಡುವವರಿದ್ದಾರೆ. ಏನೂ ಸಿಗದಿದ್ದರೆ ದಪ್ಪ ಕಾಗದದ ಮೇಲೆ ಚಿತ್ರ ಮುದ್ರಿಸಿ, ಕತ್ತರಿಸಿ ನಿಲ್ಲಿಸಿ. ನಾಚಿಕೆಪಡಬೇಕಾದದ್ದು ಏನೂ ಇಲ್ಲ. 6 ಮಿ.ಮೀ.ನಲ್ಲಿ ಬಣ್ಣವೇ ಸಮವಸ್ತ್ರ: ಟಿಪ್ಪುವಿನ ಕಾಯಂ ಪದಾತಿಗಳಿಗೆ ನೇರಳೆ ಅಂಗಿಯ ಮೇಲೆ ಹುಲಿಪಟ್ಟೆಯನ್ನು ಹೋಲುವ ಬಿಳಿ ಚುಕ್ಕೆ, ಕಂಪನಿಯ ಸಿಪಾಯಿಗಳಿಗೆ ಕೆಂಪು ಅಂಗಿ, ಬಿಳಿ ಚಡ್ಡಿ.

ನಮ್ಮ ಯಜಮಾನರು ಈ ಹುಚ್ಚು ಹಿಡಿಸಿಕೊಂಡಿದ್ದಾರೆ. ದುಡ್ಡು ಎಷ್ಟು ಕರಗುತ್ತದೆ, ಹೇಳಿ.

ಅಮ್ಮಾ, ಸೈನಿಕರಿಗೆ ಹೋಗುವ ದುಡ್ಡನ್ನು ತಡೆಯುವುದು ಕಷ್ಟ. ನೆಲಕ್ಕೆ ಹೆಚ್ಚು ಬೇಕಾಗಿಲ್ಲ. ಟಿವಿ ಪೆಟ್ಟಿಗೆಯ ಥರ್ಮೋಕೋಲ್, ಫೆವಿಕಾಲ್, ಜರಡಿ ಹಿಡಿದ ಮಣ್ಣು, ತೆಂಗಿನ ನಾರು, ಕಟ್ಟಡದ ಕೆಲಸದಲ್ಲಿ ಮಿಕ್ಕ ಒಂದು ಬೊಗಸೆ ಎಂ-ಸ್ಯಾಂಡ್. ಅಡುಗೆಮನೆಯ ಜರಡಿಯನ್ನು ಮಾತ್ರ ಬಚ್ಚಿಡಿ.

## ನೆಲ ಕಟ್ಟುವವರಿಗೆ

ಮೊದಲು ಏನು ಮಾಡಲಿ? ಕೋಟೆಯೋ, ಮರವೋ, ಮನೆಗಳೋ?

ಮೊದಲು ಬಸ್ ಹತ್ತಿ. ಶ್ರೀರಂಗಪಟ್ಟಣಕ್ಕೆ ಹೋಗಿ ಕೋಟೆಯ ಪಶ್ಚಿಮದ ಗೋಡೆಯ ಬಳಿ, ವಾಯವ್ಯ ಮೂಲೆಯ ಹತ್ತಿರ ನಿಲ್ಲಿ. ಫಿರಂಗಿಗಳು ಗೋಡೆ ಒಡೆದ ಒಡಕಿನ ಜಾಗದಲ್ಲಿ ಒಂದು ಸ್ಮಾರಕ ಸ್ತಂಭವಿದೆ. ಅಲ್ಲಿಂದ ನದಿಯ ಆಚೆ ದಡ ನೋಡಿದರೆ ಎರಡು ಸಂಗತಿ ಹೊಳೆಯುತ್ತವೆ. ನದಿಯ ಪಾತ್ರ ಸಮತಟ್ಟಲ್ಲ, ಬಂಡೆಗಳ ಸಂತೆ. ದಾಟುವವನಿಗೆ ಅವಿತುಕೊಳ್ಳಲು ಅಲ್ಲಲ್ಲಿ ಜಾಗವಿದೆ, ಸಾಲು ಕಟ್ಟಿ ನಡೆಯಲು ಜಾಗವಿಲ್ಲ. ಎರಡನೆಯದು, ಗೋಡೆ ಚಿತ್ರಗಳಲ್ಲಿ ಕಂಡಷ್ಟು ಆಕಾಶಕ್ಕೆ ಏರಿಲ್ಲ. ಅದು ಭಯ ಹುಟ್ಟಿಸುವುದು ಎತ್ತರದಿಂದಲ್ಲ, ಮುಂದಿರುವ ಬಯಲಿನಿಂದ.

ಇವೆರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದವರು ಮೊದಲು ನದಿ ಮಾಡುತ್ತಾರೆ. ನೋಡದೆ ಕುಳಿತವರು ಮೊದಲು ಕೋಟೆ ಮಾಡುತ್ತಾರೆ. ನನ್ನ ಮೊದಲ ಮೇಜಿನಲ್ಲಿ ಭವ್ಯ ಕೋಟೆ ಇತ್ತು, ಅದರ ಮುಂದೆ ನೀಲಿ ಬಟ್ಟೆಯ ನದಿ. ಆಟ ಅರ್ಧ ಗಂಟೆಯಲ್ಲಿ ಮುಗಿಯಿತು, ಯಾರಿಗೂ ಏನೂ ನೆನಪಿಲ್ಲ. ಮೇಜಿನ ಮೇಲಿರುವ ಪ್ರತಿಯೊಂದು ವಸ್ತುವಿಗೂ ಒಂದು ನಿಯಮ ಇರಬೇಕು, ನಿಯಮವಿಲ್ಲದ ವಸ್ತು ಮೇಜಿನ ಮೇಲಿರಬಾರದು. ಈ ಒಂದು ಹಟವನ್ನು ನಾನು ಬಿಡುವುದಿಲ್ಲ.

ನದಿ ಕಾಲು ಕಿಲೋಮೀಟರ್ ಅಗಲ, ಮೇಜು ನಾಲ್ಕಡಿ. ಲೆಕ್ಕ ಹೇಗೆ ಸರಿಹೋಗುತ್ತದೆ?

ಸರಿಹೋಗುವುದಿಲ್ಲ. ಎಲ್ಲಿ ಮೋಸ ಮಾಡಬೇಕು ಎಂದು ತಿಳಿದುಕೊಂಡರೆ ಸಾಕು.

ನದಿ 250 ಮೀಟರ್ ಎನ್ನಿ. 28 ಮಿ.ಮೀ. ಗೊಂಬೆಯ ಪ್ರಮಾಣದಲ್ಲಿ ಅದನ್ನು ಮಾಡಿದರೆ ನಾಲ್ಕು ಮೀಟರ್ ದಾಟುತ್ತದೆ, ಹಜಾರವೇ ಕಾವೇರಿಯಾಗುತ್ತದೆ. ಆದ್ದರಿಂದ ನೆಲಕ್ಕೊಂದು ಪ್ರಮಾಣ, ಗೊಂಬೆಗೊಂದು ಪ್ರಮಾಣ. ನಾನು ನೆಲದ ಮೇಲೆ ಒಂದು ಮಿಲಿಮೀಟರಿಗೆ ಒಂದು ಮೀಟರ್ ಎಂದು ಹಿಡಿಯುತ್ತೇನೆ. ನದಿ 25 ಸೆಂ.ಮೀ. ಆಗುತ್ತದೆ. ಬಂದೂಕು ಚೆನ್ನಾಗಿ ತಗಲುವ ದೂರ ನೂರು ಮೀಟರ್, ಅಂದರೆ 10 ಸೆಂ.ಮೀ. ಆರಡಿ ಉದ್ದದ ಮೇಜಿನಲ್ಲಿ 1,800 ಮೀಟರ್ ನೆಲ ಕೂರುತ್ತದೆ.

ಎತ್ತರದ ವಿಷಯಕ್ಕೆ ಬಂದಾಗ ನೆಲದ ಪ್ರಮಾಣವನ್ನು ಮರೆತುಬಿಡಿ. ಹತ್ತು ಮೀಟರ್ ಗೋಡೆ ಆ ಲೆಕ್ಕದಲ್ಲಿ ಒಂದೇ ಸೆಂ.ಮೀ., 28 ಮಿ.ಮೀ. ಸೈನಿಕ ಅದನ್ನು ಹೊಸ್ತಿಲಿನಂತೆ ದಾಟಿಬಿಡುತ್ತಾನೆ. ಗೋಡೆಯ ಎತ್ತರವನ್ನು ಗೊಂಬೆಯ ಪ್ರಮಾಣದಲ್ಲಿ ತೆಗೆದುಕೊಳ್ಳಿ, 6 ಮಿ.ಮೀ.ಗೆ ಮೂರು ಸೆಂ.ಮೀ.ಗಿಂತ ತುಸು ಹೆಚ್ಚು ಬರುತ್ತದೆ. ಮನೆಗಳು ಗೊಂಬೆಯ ಪ್ರಮಾಣದಲ್ಲಿ, ಆದರೆ ಹತ್ತು ಮನೆಯ ಕೇರಿಗೆ ಎರಡೇ ಮನೆ. ಕಣ್ಣು ಇದನ್ನು ಒಪ್ಪಿಕೊಳ್ಳುತ್ತದೆ. ನಾಟಕದ ಪರದೆಯ ಮೇಲಿನ ಅರಮನೆಯನ್ನು ಒಪ್ಪಿಕೊಂಡ ಕಣ್ಣಲ್ಲವೇ.

ಬುರುಜಿಗೆ ಸ್ಪ್ರೇ ಪೇಂಟ್ ಹೊಡೆದೆ, ಕಣ್ಣೆದುರೇ ಕರಗಿಹೋಯಿತು. ಏನು ತಪ್ಪು ಮಾಡಿದೆ?

ಥರ್ಮೋಕೋಲ್‌ಗೆ ನೇರವಾಗಿ ಸ್ಪ್ರೇ ಹೊಡೆದಿರಿ. ಡಬ್ಬಿಯಲ್ಲಿರುವ ದ್ರಾವಕ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಚಪ್ಪಲಿ ಹೊಲಿಯುವವರು ಬಳಸುವ ರಬ್ಬರ್ ಗೋಂದು ಕೂಡ ಹಾಗೆಯೇ ಮಾಡುತ್ತದೆ. ನೀಲಿ ಅಥವಾ ಗುಲಾಬಿ ಬಣ್ಣದ ಗಟ್ಟಿ ಫೋಮ್ ಹಲಗೆಯಾದರೂ ಅದೂ ಪಾಲಿಸ್ಟೈರೀನೇ, ಗತಿ ಅದೇ. ಮೊದಲು ಫೆವಿಕಾಲ್ ಮತ್ತು ನೀರು ಬೆರೆಸುವ ಬಣ್ಣವನ್ನು ಸಮವಾಗಿ ಕಲಸಿ ಎರಡು ಸಲ ಬಳಿಯಿರಿ, ಮೂಲೆಗಳನ್ನು ಬಿಡಬೇಡಿ. ಅದು ಒಣಗಿದ ಮೇಲೂ ನಾನು ಕುಂಚವನ್ನೇ ಬಳಸುತ್ತೇನೆ, ಒಂದು ಸಲ ಬೆರಳು ಸುಟ್ಟುಕೊಂಡಿದ್ದೇನೆ.

ಗೋಡೆಗೆ ಬಿಳಿ ಥರ್ಮೋಕೋಲ್‌ಗಿಂತ ಗಟ್ಟಿ ಫೋಮ್ ಮೇಲು. ಬಾಲ್‌ಪೆನ್ನಿನ ತುದಿಯಿಂದ ಒತ್ತಿ ಗೆರೆ ಎಳೆದರೆ ಕಲ್ಲಿನ ಸಾಲು. ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ ಒತ್ತಿದರೆ ಕಲ್ಲಿನ ಒರಟು. ಒಡಕಿನ ಭಾಗವನ್ನು ಬಿಡಿಯಾಗಿ ಮೂರು ಮಾಡಿಕೊಳ್ಳಿ: ಇಡೀ ಗೋಡೆ, ಬಿರುಕು ಬಿಟ್ಟ ಗೋಡೆ, ಕುಸಿದು ಇಳಿಜಾರಾದ ಗೋಡೆ. ಮುತ್ತಿಗೆಯ ಆಟದಲ್ಲಿ ಫಿರಂಗಿಗಳ ದಾಳ ಬಿದ್ದಂತೆ ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಬಹುದು.

ಎಷ್ಟು ಮಾಡಿದರೂ ನನ್ನ ಮೈದಾನ ಇಂಗ್ಲೆಂಡಿನ ಹಾಗೆಯೇ ಕಾಣುತ್ತದೆ. ಯಾಕೆ?

ಪ್ಯಾಕೆಟ್ಟಿನ ಹಸಿರು ಹುಲ್ಲು ಹಾಕಿದ್ದೀರಿ. ಅದು ಜೂನ್ ತಿಂಗಳ ಕೆಂಟ್ ಪ್ರಾಂತ್ಯದ ಹಸಿರು. ಮಂಡ್ಯದ ಮೇ ತಿಂಗಳಿಗೆ ಆ ಬಣ್ಣ ಗೊತ್ತೇ ಇಲ್ಲ.

ನಮ್ಮ ನೆಲಕ್ಕೆ ಮೊದಲು ಮಣ್ಣು, ಆಮೇಲೆ ಹುಲ್ಲು. ಇಡೀ ಹಲಗೆಗೆ ಕೆಂಪು ಮಣ್ಣು ಹಾಕಿ, ಅಲ್ಲಲ್ಲಿ ಒಣಹುಲ್ಲಿನ ಹಳದಿ ಉದುರಿಸಿ. ಹಸಿರನ್ನು ಕಾಲುವೆಯ ಅಂಚಿಗೆ, ತೋಪಿನ ಬುಡಕ್ಕೆ ಮಾತ್ರ ಉಳಿಸಿ. ಹಸಿರು ಕಂಡಲ್ಲಿ ನೀರಿದೆ ಎಂದು ಆಟಗಾರನಿಗೆ ತಾನಾಗಿ ಅರ್ಥವಾಗಬೇಕು.

ಮಣ್ಣನ್ನು ಅಂಗಡಿಯಿಂದ ತರಬೇಡಿ. ಹೊಲದ ಬದುವಿನಿಂದ ಎರಡು ಮುಷ್ಟಿ ತಂದು, ಬಿಸಿಲಿಗೆ ಹರಡಿ, ಕುಟ್ಟಿ, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ. ಹಳೆಯ ಬಾಣಲೆಯಲ್ಲಿ ಕೈಬಿಡದೆ ಹುರಿಯಿರಿ, ಹುಳು ಮೊಟ್ಟೆ ಏನಿದ್ದರೂ ಹೋಗುತ್ತದೆ. ಹಲಗೆಗೆ ಫೆವಿಕಾಲ್ ಬಳಿದು ಮಣ್ಣು ಉದುರಿಸಿ, ಒಣಗಿದ ಮೇಲೆ ಒಂದು ಪಾಲು ಫೆವಿಕಾಲ್‌ಗೆ ಎರಡು ಪಾಲು ನೀರು, ಪಾತ್ರೆ ತೊಳೆಯುವ ದ್ರವದ ಎರಡು ಹನಿ ಬೆರೆಸಿ ಸಿಂಪಡಿಸಿ. ಆ ಎರಡು ಹನಿ ಇಲ್ಲದಿದ್ದರೆ ನೀರು ಮಣ್ಣಿನ ಮೇಲೆ ಮುತ್ತಿನಂತೆ ಉರುಳಾಡುತ್ತದೆ, ಒಳಗೆ ಇಳಿಯುವುದಿಲ್ಲ. ಒದ್ದೆಯಾದಾಗ ಮಣ್ಣು ಕಪ್ಪಾಗುತ್ತದೆ, ಗಾಬರಿಯಾಗಬೇಡಿ. ಬೆಳಿಗ್ಗೆ ನೋಡಿದರೆ ತುಸು ಗಾಢವಾಗಿಯೇ ಉಳಿದಿರುತ್ತದೆ. ಒಣ ಕುಂಚದಲ್ಲಿ ತಿಳಿ ಕಾವಿ ಬಣ್ಣವನ್ನು ಮೇಲುಮೇಲೆ ಸವರಿದರೆ ಧೂಳು ಎದ್ದಂತೆ ಕಾಣುತ್ತದೆ.

ನನ್ನ ಅಜ್ಜಿ ದಸರೆಗೆ ಗೊಂಬೆ ಕೂರಿಸುವಾಗ ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿ ಪಾರ್ಕು ಮಾಡುತ್ತಿದ್ದರು. ಅವರಿಗೆ ಯಾವ ಪ್ಯಾಕೆಟ್ಟೂ ಬೇಕಾಗಿರಲಿಲ್ಲ.

ನದಿಗೆ ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ಪಾರದರ್ಶಕ ದ್ರವ) ಸುರಿಯಲೇಬೇಕೇ? ಸುರಿದರೆ ಕನ್ನಡಿಯಂತಾಗುತ್ತದೆ ಎನ್ನುತ್ತಾರೆ.

ಕನ್ನಡಿಯಂತಾಗುತ್ತದೆ, ಅದೇ ತೊಂದರೆ. ಮೇ ತಿಂಗಳ ಕಾವೇರಿ ಕನ್ನಡಿಯಲ್ಲ. ಬಂಡೆಗಳ ಸಂದಿಯಲ್ಲಿ ಹರಿಯುವ ನೀರು, ಅಲ್ಲಲ್ಲಿ ನಿಂತ ಮಡು, ಒಣಗಿದ ಪಾಚಿ. ದಾಳಿಯ ದಿನ ನೀರು ಕೆಲವು ಕಡೆ ಪಾದ ಮುಳುಗುವಷ್ಟು, ಕೆಲವು ಕಡೆ ಸೊಂಟದವರೆಗೆ ಇತ್ತು.

ನಾನು ಮಾಡುವುದು ಹೀಗೆ. ನದಿಯ ಪಾತ್ರವನ್ನು ಎರಡು ಮಿ.ಮೀ. ಕೊರೆದು ತೆಗೆಯುತ್ತೇನೆ. ಎಂ-ಸ್ಯಾಂಡ್ ಅಂಟಿಸುತ್ತೇನೆ. ಅದು ಪುಡಿ ಮಾಡಿದ ಕಲ್ಲೇ ಆದ್ದರಿಂದ ಬಂಡೆಯ ಬಣ್ಣವನ್ನು ತಾನೇ ತರುತ್ತದೆ. ದೊಡ್ಡ ಬಂಡೆಗೆ ಜಲ್ಲಿಯ ಚೂರು. ಮಡುಗಳಿಗೆ ಮೊದಲು ಹಸಿರು ಬೆರೆತ ಕಂದು, ನಡುವೆ ಇನ್ನೂ ಗಾಢ, ಅಂಚಿಗೆ ತಿಳಿ ಮರಳು ಬಣ್ಣ. ಅದರ ಮೇಲೆ ಹೊಳಪಿನ ವಾರ್ನಿಷ್ ಐದಾರು ಸಲ, ಪ್ರತಿ ಸಲವೂ ಪೂರ್ತಿ ಒಣಗಿದ ಮೇಲೆ. ನೀಲಿ ಬಣ್ಣದ ಡಬ್ಬಿಯನ್ನು ತೆರೆಯಲೇಬೇಡಿ.

ಆಳವಾದ ಮಡುವಿಗೆ ರೆಸಿನ್ ಬೇಕೇ ಬೇಕು ಎನ್ನುವವರು ತೆಳುವಾಗಿ ಪದರ ಪದರವಾಗಿ ಸುರಿಯಿರಿ. ಒಂದೇ ಸಲ ದಪ್ಪಗೆ ಸುರಿದರೆ ಅದು ಕಾದು ಕೆಳಗಿನ ಫೋಮನ್ನೇ ಸೊಟ್ಟ ಮಾಡುತ್ತದೆ. ಕಿಟಕಿ ತೆರೆದಿರಲಿ, ಕೈಗವಸು ಇರಲಿ.

ತೆಂಗಿನ ಮರ?

ತಂತಿಗೆ ಕಾಗದದ ಟೇಪು ಸುತ್ತಿ ಬಣ್ಣ ಬಳಿಯಿರಿ, ನೆಟ್ಟಗೆ ನಿಲ್ಲಿಸಬೇಡಿ, ತುಸು ಬಾಗಲಿ. ಗರಿಗೆ ಕಾಗದ ಕತ್ತರಿಸಿ ಅಂಚನ್ನು ಸೀಳಿ. ಬಿದಿರು ಮೆಳೆಗೆ ಪೊರಕೆಯ ತುದಿ, ಮುಳ್ಳುಬೇಲಿಗೆ ತೆಂಗಿನ ನಾರು, ದೊಡ್ಡ ಮರದ ಹಂದರಕ್ಕೆ ಒಣಗಿದ ಹೀರೇಕಾಯಿಯ ನಾರು. ಮರಗಳನ್ನು ಮೇಜಿಗೆ ಅಂಟಿಸದೆ ಪುಟ್ಟ ಬಿಲ್ಲೆಗಳ ಮೇಲೆ ನಿಲ್ಲಿಸಿದರೆ, ಸೈನಿಕರು ತೋಪಿನೊಳಗೆ ಬಂದಾಗ ಎತ್ತಿಡಬಹುದು.

ಮಳೆಗಾಲದಲ್ಲಿ ಹಲಗೆ ಬಾಗಿತು, ಮೇಲೆ ಬೂಷ್ಟು ಕೂಡ ಹಿಡಿಯಿತು.

ಹಲಗೆಯ ಒಂದೇ ಬದಿಗೆ ನೀರಿನ ಅಂಟು ಬಳಿದರೆ ಅದು ಒಣಗುವಾಗ ಆ ಬದಿಗೆ ಎಳೆದುಕೊಳ್ಳುತ್ತದೆ. ಕೆಳಬದಿಗೂ ಬಣ್ಣ ಬಳಿಯಿರಿ, ತೆಳು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬಿಟ್ಟು 12 ಮಿ.ಮೀ. ಪ್ಲೈವುಡ್ ಹಿಡಿಯಿರಿ. ಬೂಷ್ಟಿಗೆ ಕಾರಣ ಬಹುಶಃ ಚಹಾ ಪುಡಿ. ಬಳಸಿದ ಚಹಾ ಪುಡಿ ಎಲೆಯುದುರಿದ ನೆಲಕ್ಕೆ ಚೆಂದ ಕಾಣುತ್ತದೆ, ಆದರೆ ಒಳಗೆ ತೇವ ಉಳಿದರೆ ಮುಗಿಯಿತು. ಹುರಿದು ಬಳಸಿ, ಇಲ್ಲವೇ ಬಿಡಿ.

## ಆಡಿಸುವವರಿಗೆ

ಫಲಿತಾಂಶ ಎಲ್ಲರಿಗೂ ಗೊತ್ತು. ಆಡುವುದರಲ್ಲಿ ಏನು ಸ್ವಾರಸ್ಯ? ಟಿಪ್ಪು ಗೆಲ್ಲಲು ಸಾಧ್ಯವೇ?

ಮೇ 4ರ ಮಧ್ಯಾಹ್ನ ಒಂದು ಗಂಟೆಯಿಂದ ಆಟ ಶುರು ಮಾಡಿದರೆ ಬಲು ಕಷ್ಟ. ದಾಳಿಯ ಮುಂದಾಳು ಡೇವಿಡ್ ಬೇರ್ಡ್‌ನ ಎರಡು ದಂಡುಗಳು ನದಿ ದಾಟಿ ಒಡಕಿನ ಮೇಲೆ ಬಾವುಟ ನೆಡಲು ತೆಗೆದುಕೊಂಡದ್ದು ಆರೇಳು ನಿಮಿಷ. ಕೋಟೆಯ ಆ ಬದಿಯ ಹೊಣೆ ಹೊತ್ತಿದ್ದ ಸೈಯದ್ ಗಫಾರ್ ಅದಕ್ಕೆ ಸ್ವಲ್ಪ ಮೊದಲೇ ಫಿರಂಗಿ ಗುಂಡಿಗೆ ಸತ್ತಿದ್ದ. ಈ ಆರೇಳು ನಿಮಿಷವನ್ನು ನಿಮ್ಮ ನಿಯಮಗಳ ಪರೀಕ್ಷೆಗೆ ಬಳಸಿ. ಒಂದು ಸುತ್ತು ಎರಡು ನಿಮಿಷ ಎಂದಿಟ್ಟುಕೊಂಡರೆ ದಾಳಿಕೋರರು ನದಿಯಲ್ಲಿ ಸುತ್ತಿಗೆ ಎಂಟೊಂಬತ್ತು ಸೆಂ.ಮೀ. ಸಾಗಿ, ಮೂರನೇ ಸುತ್ತು ಮುಗಿಯುವಷ್ಟರಲ್ಲಿ ಒಡಕಿನ ಬುಡ ಮುಟ್ಟಬೇಕು. ನಿಮ್ಮ ಆಟದಲ್ಲಿ ಹತ್ತು ಸುತ್ತು ಹಿಡಿದರೆ ನಿಯಮ ತಪ್ಪಿದೆ.

ಟಿಪ್ಪುವಿನ ಗೆಲುವು ಇರುವುದು ಆ ಮಧ್ಯಾಹ್ನದಲ್ಲಲ್ಲ, ಅದಕ್ಕೆ ಹಿಂದಿನ ವಾರಗಳಲ್ಲಿ. 1791ರ ಮೇ ತಿಂಗಳಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಅರಕೆರೆಯ ಬಳಿ ಗೆದ್ದು, ರಾಜಧಾನಿಯ ಹೊಸ್ತಿಲಿಗೆ ಬಂದು, ಮಳೆ ಮತ್ತು ಹಸಿವಿಗೆ ಸೋತು ತನ್ನ ಮುತ್ತಿಗೆಯ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಿದ. 1799ರಲ್ಲಿಯೂ ಏಪ್ರಿಲ್ ಮಧ್ಯದ ಹೊತ್ತಿಗೆ ಕಂಪನಿಯ ಸೇನಾಪತಿ ಹ್ಯಾರಿಸ್‌ನ ದಂಡಿನಲ್ಲಿ ಅಕ್ಕಿಗೆ ತತ್ವಾರ ಬಂದಿತ್ತು. ಹೊಳೆ ಏರಿದ್ದರೆ ದಾಟುವ ಮಾತೇ ಇರಲಿಲ್ಲ.

ಆದ್ದರಿಂದ ನಮ್ಮ ಆಟ ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ಎರಡು ಕಟ್ಟು ಚೀಟಿಗಳು: ಅಕ್ಕಿಯದೊಂದು, ಮಳೆಯದೊಂದು. ದಿನಕ್ಕೊಂದು ಎಳೆಯಬೇಕು. ಮಳೆ ಚೀಟಿ ಬಂದಂತೆ ನೀರು ಮೊಣಕಾಲು, ಸೊಂಟ, ಕುತ್ತಿಗೆ ಎಂದು ಏರುತ್ತದೆ. ಮೇಜಿನ ಅಂಚಿನಲ್ಲಿ ಒಂದು ಕಡ್ಡಿ ನೆಟ್ಟು ಅದರ ಮೇಲೆ ಮಣಿ ಜರುಗಿಸುತ್ತೇವೆ. ಕಂಪನಿಯ ಕಡೆ ಆಡುವವರು ಕೋಟೆಯನ್ನು ನೋಡುವುದಕ್ಕಿಂತ ಹೆಚ್ಚು ಸಲ ಆ ಮಣಿಯನ್ನು ನೋಡುತ್ತಾರೆ. ಕುತ್ತಿಗೆ ಮಟ್ಟ ಬಂದರೆ ಟಿಪ್ಪು ಒಂದು ಗುಂಡೂ ಹಾರಿಸದೆ ಗೆದ್ದ ಹಾಗೆ. ಒಮ್ಮೆ ಹಾಗೆ ಗೆದ್ದ ಹುಡುಗನೊಬ್ಬ ಬೇಸರಪಟ್ಟುಕೊಂಡ, ಯುದ್ಧವೇ ಆಗಲಿಲ್ಲ ಎಂದು.

ರಾಕೆಟ್‌ಗಳನ್ನು ಆಟದಲ್ಲಿ ತರುವುದು ಹೇಗೆ? ಕ್ಷಿಪಣಿಯ ಹಾಗೆ ಹೊಡೆಯುತ್ತಾ ಹೋದರೆ ಆಟವೇ ಕೆಡುತ್ತದೆ.

ಕೆಡುವುದು ನಿಜ, ಏಕೆಂದರೆ ಅವು ಗುರಿಯ ಆಯುಧವಲ್ಲ. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಬಿದಿರಿಗೆ ಕಟ್ಟಿ ಹಾರಿಸುತ್ತಿದ್ದರು. ದೂರ ಹೋಗುತ್ತಿದ್ದವು, ಎಲ್ಲಿಗೆ ಎನ್ನುವುದು ದೇವರಿಗೇ ಗೊತ್ತು. ಕೊಳವೆಗಳು ನಿಜಕ್ಕೂ ಎಷ್ಟು ಗಿಡ್ಡ ಎಂದು ತಿಳಿಯಬೇಕಾದರೆ, 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ ರಾಶಿ ರಾಶಿಯಾಗಿ ಸಿಕ್ಕವನ್ನು ನೋಡಿ. ಹತ್ತಿರ ಹತ್ತಿರ ಮೊಳದ ಅರ್ಧ.

ನನ್ನ ನಿಯಮ: ಗುರಿ ತೋರಿಸಿ ಎರಡು ದಾಳ ಉರುಳಿಸಿ. ಮೊದಲನೆಯದರಲ್ಲಿ 1, 2 ಬಂದರೆ ಎಡಕ್ಕೆ, 3, 4 ನೆಟ್ಟಗೆ, 5, 6 ಬಲಕ್ಕೆ. ಎರಡನೆಯದು ಎಷ್ಟು ಸೆಂ.ಮೀ. ಜಾರಿತು ಎಂದು ಹೇಳುತ್ತದೆ. ಎರಡೂ 1 ಬಂದರೆ ಹಾರಿಸಿದವರ ಕಡೆಗೇ ತಿರುಗುತ್ತದೆ. ಸಾವು ಕಡಿಮೆ ಇಡಿ, ಭಯ ಹೆಚ್ಚು ಇಡಿ. ಹತ್ತಿರ ಬಿದ್ದರೂ ಸಾಕು, ಕುದುರೆ ದಳ ಮತ್ತು ಎತ್ತಿನ ಗಾಡಿಗಳು ಧೈರ್ಯ ಪರೀಕ್ಷೆಗೆ ದಾಳ ಹಾಕಬೇಕು. ಮೇ 2ರಂದು ಕೋಟೆಯೊಳಗಿನ ರಾಕೆಟ್ ಉಗ್ರಾಣಕ್ಕೆ ಗುಂಡು ತಗುಲಿ ಅದು ಸಿಡಿಯಿತು. ಅದಕ್ಕೂ ಒಂದು ಚೀಟಿ ಇದೆ. ಹೊಗೆಗೆ ಹತ್ತಿ, ಬುಡಕ್ಕೆ ಸ್ವಲ್ಪ ಕಾವಿ.

ಆಟಗಾರ ಮೇಲಿನಿಂದ ಹದ್ದಿನ ಹಾಗೆ ಎಲ್ಲವನ್ನೂ ನೋಡುತ್ತಾನೆ. ನಿಜವಾದ ಸೇನಾಪತಿಗೆ ಆ ಭಾಗ್ಯ ಎಲ್ಲಿತ್ತು?

ಇದು ನನಗೆ ಬಂದ ಪ್ರಶ್ನೆಗಳಲ್ಲೇ ಒಳ್ಳೆಯದು. ಒಡಕನ್ನು ಏರಿದವರಿಗೆ ಆಚೆ ಇನ್ನೊಂದು ಗೋಡೆ, ನಡುವೆ ಇನ್ನೊಂದು ಕಂದಕ ಎದುರಾಯಿತು. ನಮ್ಮ ಮೇಜಿನಲ್ಲಿ ಅದು ಮೊದಲ ಕ್ಷಣದಿಂದ ಕಾಣುತ್ತಿದ್ದರೆ ಆ ಬೆಚ್ಚಿಬೀಳುವಿಕೆ ಎಲ್ಲಿ? ನಾನು ಒಳಭಾಗವನ್ನು ಬೇರೆ ಹಲಗೆಯಲ್ಲಿ ಮಾಡಿ ಮೇಲೆ ಮನೆಗಳ ಚಾವಣಿಯ ಮುಚ್ಚಳ ಇಟ್ಟಿದ್ದೇನೆ. ಮೊದಲ ಗೊಂಬೆ ಗೋಡೆಯ ನೆತ್ತಿ ಮುಟ್ಟಿದಾಗಲೇ ಮುಚ್ಚಳ ತೆಗೆಯುವುದು.

ರಾತ್ರಿಯ ಯುದ್ಧಕ್ಕೆ ಸುಲ್ತಾನ್‌ಪೇಟೆಯ ತೋಪು ಆಡಿ. 1799ರ ಏಪ್ರಿಲ್ 5ರ ರಾತ್ರಿ ಕಂಪನಿ ಕಡೆಯ ಆರ್ಥರ್ ವೆಲ್ಲೆಸ್ಲಿ ಕತ್ತಲಲ್ಲಿ ಆ ತೋಪಿಗೆ ನುಗ್ಗಿ ದಿಕ್ಕು ತಪ್ಪಿ, ಮೊಣಕಾಲಿಗೆ ಪೆಟ್ಟು ತಿಂದು ಹಿಂದಕ್ಕೆ ಬಂದ. ಮರುದಿನ ಬೆಳಕಿನಲ್ಲಿ ಅದೇ ತೋಪು ಸುಲಭವಾಗಿ ಕೈಗೆ ಬಂತು. ಇದಕ್ಕೆ ಒಬ್ಬ ನಡುವಿನವರು ಬೇಕು. ಆಟಗಾರರಿಬ್ಬರೂ ಆಜ್ಞೆಗಳನ್ನು ಚೀಟಿಯಲ್ಲಿ ಬರೆದು ಅವರಿಗೆ ಕೊಡುತ್ತಾರೆ, ಅವರೊಬ್ಬರೇ ಗೊಂಬೆ ಜರುಗಿಸುತ್ತಾರೆ. ದಾಳದಲ್ಲಿ 1 ಬಂದರೆ ದಳ ಬರೆದ ದಿಕ್ಕಿಗಲ್ಲದೆ ಕಾಲುವೆಯ ಗುಂಟ ಹೋಗುತ್ತದೆ. ಅದೇ ಆಟವನ್ನು ಊಟದ ನಂತರ ಹಗಲಿನ ನಿಯಮದಲ್ಲಿ ಮತ್ತೆ ಆಡಿಸಿ. ನೆಲ ಅದೇ, ಮರ ಅದೇ, ಆದರೆ ಆಟಗಾರರ ಮುಖ ಬೇರೆ.

ಸಾವಿರಾರು ಜನ ಸತ್ತ ದಿನವನ್ನು ಆಟ ಮಾಡುವುದು ಸರಿಯೇ?

ಈ ಮುಜುಗರ ನನಗೂ ಇದೆ, ಇರಲಿ ಎಂದೇ ಬಿಟ್ಟಿದ್ದೇನೆ. ಟಿಪ್ಪು ಸತ್ತ ಜಾಗಕ್ಕೆ ಮೇಜಿನಲ್ಲಿ ಗೊಂಬೆ ಇಡುವುದಿಲ್ಲ, ಕೋಟೆ ಬಿದ್ದ ಮೇಲಿನ ಲೂಟಿಯನ್ನು ಆಡಿಸುವುದಿಲ್ಲ. ಟಿಪ್ಪುವಿನ ಬಗ್ಗೆ ಜಗಳಕ್ಕೆ ಬರುವವರಿಗೆ ಒಂದೇ ಮಾತು: ಯಾವ ಪಕ್ಷ ನಿಮಗೆ ಇಷ್ಟವಿಲ್ಲವೋ ಅದನ್ನೇ ಆಡಿ.

ಶ್ರೀರಂಗಪಟ್ಟಣ ಮುಗಿಸಿದೆ. ಮುಂದೆ ಯಾವುದು?

ಪೊಳ್ಳಿಲೂರು. 1780ರ ಸೆಪ್ಟೆಂಬರ್ 10, ಕಾಂಚೀಪುರದ ಹತ್ತಿರ. ಕಂಪನಿಯ ಕರ್ನಲ್ ಬೇಲಿಯ ಸುಮಾರು 3,800 ಜನರ ದಂಡನ್ನು ಹೈದರ್ ಮತ್ತು ಟಿಪ್ಪು ಸುತ್ತುವರಿದು ಮುಗಿಸಿದರು. ಸೆರೆಸಿಕ್ಕವರಲ್ಲಿ ಬೇರ್ಡ್ ಕೂಡ ಇದ್ದ. 1799ರಲ್ಲಿ ಅವನು ಒಡಕಿನ ಕಡೆ ಓಡಿದ್ದು ತಾನು ವರ್ಷಗಟ್ಟಲೆ ಸೆರೆಯಿದ್ದ ಊರಿಗೇ.

ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಪಶ್ಚಿಮ ಗೋಡೆಯ ಮೇಲೆ ಆ ಯುದ್ಧದ ಚಿತ್ರವಿದೆ: ನಡುವೆ ಚೌಕ ಕಟ್ಟಿ ನಿಂತ ಕೆಂಪಂಗಿಗಳು, ಪಲ್ಲಕ್ಕಿಯಲ್ಲಿ ಕರ್ನಲ್ ಬೇಲಿ, ಸಿಡಿಯುತ್ತಿರುವ ಮದ್ದಿನ ಬಂಡಿ. ನಕಾಶೆ ಎಂದುಕೊಂಡು ಅದನ್ನು ಅಳೆಯಲು ಹೋಗಬೇಡಿ. ಬಣ್ಣಕ್ಕೆ ಮಾತ್ರ ನೋಡಿ, ಮತ್ತು ಆ ಬಂಡಿಗಾಗಿ ನೋಡಿ. ಮದ್ದಿನ ಬಂಡಿಗಳನ್ನು ಚೌಕದ ಒಳಗೆ ಎಲ್ಲಿ ನಿಲ್ಲಿಸುತ್ತೀರಿ ಎನ್ನುವುದೇ ಆ ಆಟದ ಅರ್ಧ. ಉಳಿದರ್ಧ ಬಯಲು ನೆಲ. ಅಲ್ಲಿ ಕೋಟೆಯಿಲ್ಲ, ಕಾವೇರಿಯಿಲ್ಲ, ಬಚ್ಚಿಟ್ಟುಕೊಳ್ಳಲು ತಾಳೆಮರಗಳಷ್ಟೇ. ನನ್ನ ಲೆಕ್ಕದಲ್ಲಿ ಎಂಬತ್ತು ಬೇಕು. ಇಲ್ಲಿಯವರೆಗೆ ಹನ್ನೊಂದು ಆಗಿವೆ, ಅದರಲ್ಲಿ ಎರಡನ್ನು ಬೆಕ್ಕು ಕೆಡವಿದೆ.